ನಾಯಕರ ಮೀಸೆಯ ವಿಚಾರಣೆ

ಹಿತ್ತಿಲ ನಾಡಿಗೆ ಆಗ ಬೆಕ್ಕೇ ನಾಯಕರು. ಒಂದು ಬೆಳಿಗ್ಗೆ ತಬ್ಬಲಿ ಕುರಿಮರಿಗೆಂದು ಮೇಕಮ್ಮ ತನ್ನ ಮಕ್ಕಳ ಪಾಲಿನಿಂದ ಉಳಿಸಿಟ್ಟಿದ್ದ ಬಟ್ಟಲು ಹಾಲು ಮಾಯವಾಯಿತು. ಮರಿ ಹಸಿದು ಅರಚುತ್ತಿತ್ತು. ನಾಯಕರ ಮೀಸೆಗೆ ಕೆನೆ ಅಂಟಿತ್ತು.

"ಮೀಸೆ ಪರೀಕ್ಷೆಯಾಗಲಿ," ಎಂದಳು ಮೇಕಮ್ಮ.

ಹುಂಜಪ್ಪ ಹಲ್ಲು ಕಡಿದ. ಇಲ್ಲದ ಹಲ್ಲನ್ನೂ ಕಡಿದ, ಅಷ್ಟು ಸಿಟ್ಟು. "ನಾಯಕರ ಮೀಸೆಗೆ ಕೈ ಹಾಕಿದರೆ ಪಕ್ಕದ ಹಿತ್ತಿಲಿನವರು ನಗೋದಿಲ್ಲವೇ?"

"ಪರೀಕ್ಷೆ ಬೇಕೇ ಬೇಡವೇ ಅಂತ ಮೊದಲು ಚರ್ಚೆಯಾಗಲಿ," ಎಂದಿತು ಬಾತುಕೋಳಿ.

"ಚರ್ಚೆ ಯಾಕೆ? ಕಣ್ಣೆತ್ತಿ ನೋಡಿದರೆ ಸಾಕಲ್ಲ."

"ಅವಸರ ಒಳ್ಳೆಯದಲ್ಲ, ಮೇಕಮ್ಮ," ಎಂದು ಎಲ್ಲರೂ ಅವಳನ್ನೇ ಗದರಿದರು.

ನೆರಳು ತಿರುಗುವವರೆಗೂ ಸಭೆ ನಡೆಯಿತು. ನಾಯಕರು ಎಲ್ಲವನ್ನೂ ಗಾಂಭೀರ್ಯದಿಂದ ಕೇಳಿಸಿಕೊಳ್ಳುತ್ತ, ಮುಂಗಾಲು ನೆಕ್ಕಿ ನೆಕ್ಕಿ ಮುಖ ಒರೆಸಿಕೊಳ್ಳುತ್ತಿದ್ದರು. ಕೊನೆಗೆ ಎದ್ದು, "ನನ್ನದೇನೂ ಅಭ್ಯಂತರವಿಲ್ಲ, ಧಾರಾಳವಾಗಿ ನೋಡಿ," ಎಂದರು. ಮೀಸೆ ಫಳಫಳ ಹೊಳೆಯುತ್ತಿತ್ತು.

"ಈಗ ಕ್ಷಮೆ ಕೇಳಮ್ಮ," ಎಂದ ಹುಂಜಪ್ಪ.

ಮೇಕಮ್ಮನ ಗಡ್ಡ ಸಿಟ್ಟಿಗೆ ನಡುಗಿತು. "ಕೇಳ್ತೀನಪ್ಪ. ಅದಕ್ಕೆ ಮುಂಚೆ ನಾಯಕರು ಒಮ್ಮೆ ಬಾಯಿ ತೆರೆದು ನಾಲಿಗೆ ತೋರಿಸಲಿ."

ಬಾತುಕೋಳಿ ಗಂಟಲು ಸರಿಮಾಡಿಕೊಂಡು, "ಅದಕ್ಕೆ ಬೇರೆ ಸಭೆ ಕರೆಯಬೇಕಾಗುತ್ತದೆ," ಎಂದಿತು.

ನಾಯಕರು ಬಾಯಿ ಮುಚ್ಚಿಕೊಂಡೇ ಹೌದೆಂದು ತಲೆಯಾಡಿಸಿದರು.