ಗೋಪುರದ ಗತ್ತು

ನಾನು ಗುಡ್ಡದ ಮೇಲಿನ ರೇಡಿಯೋ ಗೋಪುರ. ವಿಮಾನಗಳು ನನ್ನ ಸಿಗ್ನಲ್ ಹಿಡಿದು, ಎಷ್ಟೇ ಸುತ್ತಾದರೂ ನನ್ನ ನೆತ್ತಿಯ ಮೇಲೆಯೇ ಹಾದುಹೋಗುತ್ತಿದ್ದವು. ಅದನ್ನು ಭಕ್ತಿ ಎಂದುಕೊಂಡು ಬೀಗುತ್ತಿದ್ದೆ. ಒಂದು ದಿನ ಒಂದು ವಿಮಾನ ದೂರದಲ್ಲೇ ನೆಟ್ಟಗೆ ಹೊರಟಿತು.

“ಲೋ, ದಾರಿ ತಪ್ಪಿದ್ದೀಯ, ಇತ್ತ ಬಾ!” ಎಂದು ಗದರಿದೆ.

“ತಪ್ಪಿಲ್ಲ ಅಜ್ಜ. ಈಗ ಉಪಗ್ರಹವೇ ನೇರ ದಾರಿ ತೋರಿಸುತ್ತದೆ. ನಿನ್ನ ಕಡೆಯಿಂದ ಹೋದರೆ ಕೊಂಕಣ ಸುತ್ತಿ ಮೈಲಾರಕ್ಕೆ ಹೋದ ಹಾಗೆ.”

“ಮತ್ತೆ ಇಷ್ಟು ವರ್ಷ ಬರುತ್ತಿದ್ದೆಯಲ್ಲ?”

“ಬೇರೆ ದಾರಿ ಗೊತ್ತಿರಲಿಲ್ಲ,” ಎನ್ನುತ್ತ ಅದು ಹೋಗಿಯೇಬಿಟ್ಟಿತು. ಉಳಿದವೂ ಅದರ ಹಿಂದೆಯೇ ಹೋದವು.

ಮೊನ್ನೆ ಒಂದು ಕಾಗೆ ಬಂದು ನನ್ನ ತಲೆಯ ಮೇಲೆ ಗೂಡು ಕಟ್ಟತೊಡಗಿತು.

“ದಾರಿ ಕೇಳಲು ಬಂದೆಯಾ?” ಎಂದೆ.

“ಇಲ್ಲ. ಇಲ್ಲೀಗ ವಿಮಾನಗಳ ಗಲಾಟೆ ಇಲ್ಲವಲ್ಲ, ಅದಕ್ಕೆ ಬಂದೆ.”

ನಾನು ಎದೆ ಸೆಟೆಸಿ ಹೇಳಿದೆ: “ಅವನ್ನೆಲ್ಲ ಓಡಿಸಿದ್ದು ನಾನೇ!”