ಒಲ್ಲೆವ್ವನ ಗುಡ್ಡ

ಕರಡಿಹಾಳದ ಮೂಡಲಿಗಿರುವ ಬೋಳು ಗುಡ್ಡದ ನೆತ್ತಿಯ ಮೇಲೆ ಬಂಡೆಯ ಹಲಗೆಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ನಲವತ್ತರಷ್ಟು ಕಲ್ಲುಮನೆಗಳಿವೆ. ಅರಸರೂ ಗುಡಿಗಳೂ ಹುಟ್ಟುವುದಕ್ಕೆ ಮೊದಲಿನ ಜನ ತಮ್ಮ ಸತ್ತವರಿಗಾಗಿ ಕಟ್ಟಿದ್ದು ಎಂದು ತಿಳಿದವರು ಹೇಳುತ್ತಾರೆ; ಊರವರು ಮೋರ್ಯರ ಮನೆಗಳೆನ್ನುತ್ತಾರೆ. ಗುಡ್ಡಕ್ಕೆ ಮಾತ್ರ ಒಲ್ಲೆವ್ವನ ಗುಡ್ಡವೆಂದೇ ಹೆಸರು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಸೀಮೆಯ ನಾಯಕ ಮೋರ್ಯರ ಮನೆಗಳನ್ನು ನೋಡಲು ಒಂದು ಹಗಲಿನ ಮಟ್ಟಿಗೆ ಪರಿವಾರ ಕಟ್ಟಿಕೊಂಡು ಗುಡ್ಡವೇರಿದನಂತೆ. ಪಲ್ಲಕ್ಕಿ ಹೊತ್ತವರು, ನೀರಿನ ಕೊಡ ಹೊತ್ತವರು ಎಲ್ಲರೂ ಕರಡಿಹಾಳದವರೇ. ಊಟಕ್ಕೆ ಕೂರಲು ಜಗಲಿ ಬೇಕೆನಿಸಿ, ಒಂದು ಮನೆಯ ಚಪ್ಪಡಿ ಇಳಿಸಲು ಅಪ್ಪಣೆ ಮಾಡಿದ. ಕಲ್ಲುಕುಟಿಗ ಸಂಕಪ್ಪ, "ಬ್ಯಾಡ್ರಿ ದೊರಿ, ಅದು ಸತ್ತವರ ಮನಿ" ಎಂದು ಕೈಮುಗಿದ. ಬೆನ್ನಿಗೆ ಚಾಟಿ ಬಿತ್ತು. ಸನ್ನೆಗೋಲು ಹಾಕಿ ಎಬ್ಬಿಸುವಾಗ ಚಪ್ಪಡಿ ಜಾರಿ, ಅವನ ಎದೆಯನ್ನು ಜಜ್ಜಿ ನೆಲಕ್ಕೆ ಬಿತ್ತು.

ಗಂಡನಿಗೆ ಬುತ್ತಿ ತಂದ ಹುಲಿಗೆವ್ವ ಕಂಡದ್ದು, ಪಕ್ಕಕ್ಕೆಳೆದು ಕಂಬಳಿ ಮುಚ್ಚಿದ ಹೆಣ. ಅದೇ ಚಪ್ಪಡಿಯ ಮೇಲೆ ಎಲೆ ಹಾಕಿಸಿಕೊಂಡು ಉಣ್ಣುತ್ತಿದ್ದ ನಾಯಕ. ಅವಳಿಗೆ ಅಳು ಬರಲಿಲ್ಲ. ಮೈಯೆಲ್ಲ ಉರಿದು, ಹೋದವಳೇ ಆ ಎಲೆಯನ್ನು ಕಾಲಿನಿಂದ ಒದ್ದಳು.

"ಹೊಲ ಬರೆಸಿಕೊಡುತ್ತೇವೆ, ಹೋಗು" ಎಂದ ನಾಯಕ.

"ಒಲ್ಲೆ."

"ಅವನ ಹೆಸರಲ್ಲಿ ಗುಡಿ ಕಟ್ಟಿಸುತ್ತೇವೆ."

"ಒಲ್ಲೆ. ನನ್ನ ಗಂಡ ಈ ಮನಿಯೊಳಗ ಮಲಗಬೇಕು. ಕಲ್ಲು ಮ್ಯಾಲೇರಬೇಕು. ನಮ್ಮವರು ಕೈ ಹಚ್ಚಂಗಿಲ್ಲ, ಉಂಡವರೇ ಎತ್ತಬೇಕು."

ಒಬ್ಬ ಸರದಾರ ಕತ್ತಿ ಹಿರಿದ. ಆಗ ಪಲ್ಲಕ್ಕಿಯವರಲ್ಲಿ ಹಿರಿಯನಾದ ದುರಗಜ್ಜ ಮುಂದೆ ಬಂದು, "ಕಡೀರಿ. ಆಮ್ಯಾಲೆ ನಿಮ್ಮನ್ನ ಕೆಳಗ ಹೊರೋರು ಯಾರು?" ಎಂದ. ನೀರಿನವರು ಕೊಡಗಳನ್ನೆಲ್ಲ ಬಂಡೆಯ ಮೇಲೆ ಬೋರಲು ಹಾಕಿದರು. ಸುದ್ದಿ ಕೇಳಿ ಊರಿಗೆ ಊರೇ ಬಂದು ಇಳಿಯುವ ದಾರಿಗೆ ಅಡ್ಡ ಕೂತಿತು. ಬಿಸಿಲು ಬಂಡೆಯನ್ನು ಕಾಸಿತು. ಹೊತ್ತು ಇಳಿಯುವ ಮೊದಲೇ ನಾಯಕನ ನಾಲಿಗೆ ಒಣಗಿತು. ಸಂಕಪ್ಪನನ್ನು ಒಳಗೆ ಮಲಗಿಸಿ, ನಾಯಕನೂ ಸರದಾರರೂ ಅಂಗೈ ಒಡೆದು ರಕ್ತ ಸುರಿಯುವಂತೆ ಚಪ್ಪಡಿಯನ್ನು ಏರಿಸಿದರು.

"ಈಗಲಾದರೂ ಸಿಟ್ಟು ಇಳಿಯಿತೇ?" ಎಂದು ನಾಯಕ ಕೇಳಿದನಂತೆ.

"ಇಲ್ಲ" ಎಂದಳಂತೆ ಹುಲಿಗೆವ್ವ. ಅವನು ನಡೆದುಕೊಂಡೇ ಗುಡ್ಡವಿಳಿದ. ಅಂದಿನಿಂದ ಊರವರು ಅವಳನ್ನು ಒಲ್ಲೆವ್ವ ಎಂದರು.

ಪಳಗದ ಕೈಗಳು ಏರಿಸಿದ ಆ ಚಪ್ಪಡಿ ಇಂದಿಗೂ ಓರೆಯಾಗಿಯೇ ಇದೆ. ಗುಡ್ಡ ಹತ್ತಿದವರಿಗೆ ಮೊದಲು ಕಣ್ಣಿಗೆ ಬೀಳುವುದೇ ಅದು. ಯಾರಾದರೂ ಅದರ ನೆರಳಲ್ಲಿ ಕೂತು ತಿಂಡಿ ಬಿಚ್ಚಿದರೆ, ಕುರಿ ಮೇಯಿಸುವ ಹೆಂಗಸರು ದೂರದಿಂದಲೇ ಬೈಯುತ್ತ ಬಂದು ಎಬ್ಬಿಸುತ್ತಾರೆ.