ಪರದೆಯ ಹೊರಗೆ ಕಾದ ವೈದ್ಯ

"ಗುರುಗಳೇ, ನಾನು ಹೋಗುವ ದೇಶದ ಬಗ್ಗೆ ಇನ್ನೂ ಏನೇನು ತಿಳಿದುಕೊಳ್ಳಬೇಕು?" ಎಂದು ಕರಿಬಸವ ಕೇಳಿದ.

ಕಡಲಾಚೆಯ ಒಂದು ದೇಶದಲ್ಲಿ ಭೂಮಿ ನಡುಗಿ ಜನ ನೆಲೆ ಕಳೆದುಕೊಂಡಿದ್ದರು. ಅವರ ಸೇವೆಗೆಂದು ಮಠದಿಂದ ಅವನನ್ನು ಕಳುಹಿಸುವುದು ನಿಶ್ಚಯವಾಗಿತ್ತು. ಅಲ್ಲಿಯವರು ಏನು ಉಣ್ಣುತ್ತಾರೆ, ಹೇಗೆ ನಮಸ್ಕರಿಸುತ್ತಾರೆ, ಯಾವ ಮಾತಿಗೆ ನೊಂದುಕೊಳ್ಳುತ್ತಾರೆ ಎಂದು ಅವನು ಸಿಕ್ಕವರನ್ನೆಲ್ಲ ಕೇಳಿದ್ದ. ತಿಳಿದಷ್ಟೂ ಹೆದರಿಕೆ ಹೆಚ್ಚಿತ್ತು. ಎಲ್ಲಿ ತಪ್ಪು ಮಾಡಿ ಹೋದ ಕೆಲಸವನ್ನೇ ಕೆಡಿಸುತ್ತೇನೋ ಎಂಬ ಅಳುಕು ಅವನನ್ನು ಬಿಡುತ್ತಿರಲಿಲ್ಲ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಬಂದರಿನಲ್ಲಿ ಒಬ್ಬ ವೈದ್ಯನಿದ್ದ. ದೂರದ ದ್ವೀಪವೊಂದರಿಂದ ಅವನಿಗೆ ಕರೆ ಬಂತು. ಅಲ್ಲಿ ಮಕ್ಕಳಿಗೆ ಗಂಟಲಲ್ಲಿ ಬಾವು ಬರುತ್ತಿತ್ತು. ಬಾವು ಬಲಿತರೆ ಉಸಿರು ಕಟ್ಟಿ ಮಗು ಸಾಯುತ್ತಿತ್ತು. ಅದನ್ನು ಕೊಯ್ದು ಕೀವು ತೆಗೆಯುವುದು ಆ ವೈದ್ಯನಿಗೆ ಗೊತ್ತಿತ್ತು.

ಹಡಗು ಹೊರಡುವುದಕ್ಕೆ ಇನ್ನೂ ಸಮಯವಿತ್ತು. ಅವನು ಆ ದ್ವೀಪವನ್ನು ಕಂಡವರನ್ನು ಹುಡುಕಿಕೊಂಡು ಹೋದ. ಅಲ್ಲಿ ಹೆಸರು ಕೇಳುವ ಮೊದಲು ಊಟ ಹಾಕುತ್ತಾರೆ ಎಂದು ಒಬ್ಬ ವ್ಯಾಪಾರಿ ಹೇಳಿದ. ಕಡಲಿನ ಕಡೆ ಬೆರಳು ತೋರಿಸಿದರೆ ಅಪಶಕುನ ಎನ್ನುತ್ತಾರೆ ಎಂದು ಒಬ್ಬ ನಾವಿಕ ಹೇಳಿದ. ಆ ದ್ವೀಪಕ್ಕೆ ಮದುವೆಯಾಗಿ ಹೋಗಿ ಮರಳಿದ್ದ ಮುದುಕಿಯೊಬ್ಬಳು, "ಕಾಯಿಲೆ ಇರುವ ಮನೆಯ ಬಾಗಿಲಿಗೆ ಪರದೆ ಕಟ್ಟಿರುತ್ತಾರೆ. ಹೊರಗಿನವರು ಅದನ್ನು ಸರಿಸಿದರೆ ಸಾವು ಒಳಗೆ ಬರುತ್ತದೆ ಎಂದು ನಂಬುತ್ತಾರೆ. ಜೋಕೆ" ಎಂದಳು. ವೈದ್ಯ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡ. ಹಡಗಿನಲ್ಲಿ ಆ ನಾಡಿನ ಭಾಷೆಯನ್ನೂ ಅಷ್ಟಿಷ್ಟು ಕಲಿತ.

ಅವನು ದ್ವೀಪಕ್ಕೆ ಇಳಿದದ್ದು ಬೆಳಿಗ್ಗೆ. ಜನ ಅವನನ್ನು ಒಂದು ಮನೆಯ ಜಗಲಿಗೆ ತಂದು ಬಿಟ್ಟು, ದೂರ ಸರಿದು ನಿಂತರು. ಬಾಗಿಲಿಗೆ ಪರದೆ ಕಟ್ಟಿತ್ತು. ಜಗಲಿಯ ಮೇಲೆ ಎಳನೀರು ಇಟ್ಟಿದ್ದರು. ವೈದ್ಯ ಎಳನೀರು ಕುಡಿದು, ಒಳಗಿನಿಂದ ಕರೆ ಬರಲಿ ಎಂದು ಕಾದ. ಕರೆ ಬರಲಿಲ್ಲ. ಬಿಸಿಲೇರಿತು. ಒಳಗೆ ಮಗುವಿನ ಉಸಿರು ಗೊರಗೊರ ಎನ್ನುವುದು ಅವನಿಗೆ ಕೇಳುತ್ತಿತ್ತು. ಏಳಬೇಕು ಅನ್ನಿಸಿದಾಗಲೆಲ್ಲ ಮುದುಕಿಯ ಮಾತು ಅವನನ್ನು ಹಿಡಿದು ಕೂರಿಸಿತು.

ಹೊತ್ತು ನೆತ್ತಿಗೆ ಬರುವಾಗ ಆ ಉಸಿರಿನ ಸದ್ದು ಸಣ್ಣದಾಯಿತು. ಅದರ ಅರ್ಥ ವೈದ್ಯನಿಗೆ ತಿಳಿಯಿತು. ಅವನು ಎದ್ದು ಪರದೆಯ ಹತ್ತಿರ ಹೋದ. ಅವರು ಸಿಟ್ಟಾಗಬಹುದು, ತನ್ನನ್ನು ಹಡಗು ಹತ್ತಿಸಿ ವಾಪಸ್ಸು ಕಳುಹಿಸಬಹುದು, ಬೇರೆ ಮಕ್ಕಳೂ ಕೈತಪ್ಪಬಹುದು. ಆದರೂ ಬಾಯಿಬಿಟ್ಟ.

"ಅಮ್ಮಾ, ಒಳಗೆ ಬರಲೇ?"

ಪರದೆ ಒಳಗಿನಿಂದ ಸರಿಯಿತು. ತಾಯಿ ಮಗುವನ್ನು ಎತ್ತಿಕೊಂಡು ಬಾಗಿಲಿಗೇ ಒರಗಿ ನಿಂತಿದ್ದಳು. ವೈದ್ಯ ಮಗುವನ್ನು ಮಲಗಿಸಿ, ಬಾಯಿ ತೆರೆಸಿ, ಬಾವು ಕೊಯ್ದ. ಕೀವು ಹರಿಯಿತು. ಮಗು ಕೆಮ್ಮಿತು, ಉಸಿರೆಳೆದುಕೊಂಡಿತು, ಆಮೇಲೆ ದೊಡ್ಡ ದನಿ ತೆಗೆದು ಅತ್ತಿತು. ಆ ಅಳು ಕೇಳಿ ಹೊರಗಿದ್ದವರೆಲ್ಲ ಜಗಲಿ ಹತ್ತಿ ಬಂದರು. ತಾಯಿ ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

ಸ್ವಲ್ಪ ಹೊತ್ತಿನ ಮೇಲೆ ಅವಳು ಕೇಳಿದಳು: "ಅಷ್ಟು ಹೊತ್ತು ಯಾಕೆ ಹೊರಗೇ ಕೂತಿರಿ?"

"ನೀವು ಕರೆಯಲಿ ಎಂದು ಕಾದೆ. ಕರೆಯದೆ ಒಳಗೆ ಬರಬಾರದಂತಲ್ಲ."

ಅವಳು ಅವನ ಮುಖವನ್ನೇ ನೋಡಿದಳು. "ನಿಮ್ಮ ದೇಶದ ವೈದ್ಯರು ಒಳ್ಳೆಯ ಗಳಿಗೆ ನೋಡಿ ಏಳುತ್ತಾರೆ, ನಡುವೆ ಕರೆದರೆ ಔಷಧಿ ಹತ್ತುವುದಿಲ್ಲ ಎಂದು ಹಡಗಿನವರು ನನಗೆ ಹೇಳಿದ್ದರು. ನೀವು ಏಳಲಿ ಎಂದು ನಾನು ಬಾಗಿಲಲ್ಲೇ ನಿಂತಿದ್ದೆ."

ಇನ್ನು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತೆಂದು ಇಬ್ಬರಿಗೂ ಹೊಳೆಯಿತು. ಮಗು ಇನ್ನೂ ಅಳುತ್ತಲೇ ಇತ್ತು. ಅದನ್ನು ಕೇಳುತ್ತ ತಾಯಿಗೆ ನಗು ಬಂತು, ವೈದ್ಯನಿಗೂ ಬಂತು.

ಆಮೇಲೆ ವೈದ್ಯ ಪ್ರತಿ ಪರದೆಯ ಮುಂದೆಯೂ ನಿಂತು ಕೇಳಿದ. ಒಂದು ಮನೆಯವರು ಸ್ವಲ್ಪ ತಾಳಿ ಎಂದರು, ತಾಳಿದ. ಇನ್ನೊಂದು ಮನೆಯವರು ಕೈ ಹಿಡಿದು ಒಳಗೆ ಎಳೆದುಕೊಂಡರು. ಅವನು ಬಂದ ಮೇಲೆ ಆ ದ್ವೀಪದಲ್ಲಿ ಗಂಟಲ ಬಾವಿನಿಂದ ಯಾವ ಮಗುವೂ ಸಾಯಲಿಲ್ಲ.

ಗುರುಗಳು ಕತೆ ಮುಗಿಸಿದರು. ಕರಿಬಸವ ಕೇಳಿದ: "ಹಾಗಾದರೆ ಆ ಮುದುಕಿ ಹೇಳಿದ್ದು ಸುಳ್ಳೇ?"

"ನಿಜವನ್ನೇ ಹೇಳಿದ್ದಳು. ವೈದ್ಯ ಪರದೆ ಸರಿಸಲಿಲ್ಲವಲ್ಲ, ಕೇಳಿದ ಅಷ್ಟೇ."

ಕರಿಬಸವನ ಎದೆಯ ಭಾರ ಇಳಿಯಿತು. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ನಗು ಕಂಡಿತು. "ತಪ್ಪಿದರೂ ಕೇಳಿ ತಿದ್ದಿಕೊಳ್ಳಬಹುದು. ಇನ್ನು ನನಗೆ ಹೆದರಿಕೆಯಿಲ್ಲ" ಎಂದು ಅವನು ಏಳಹೊರಟ.

ಗುರುಗಳು ಹೇಳಿದರು: "ನೀನು ಬರುತ್ತೀಯೆಂದು ತಿಳಿದು, ಅಲ್ಲಿಯೂ ಯಾರೋ ಇಷ್ಟೇ ಹೆದರಿಕೊಂಡು ಕೂತಿದ್ದಾರೆ."

ಕರಿಬಸವ ಮತ್ತೆ ಕೂತು, "ಹಾಗಾದರೆ ಮೊದಲು ನಾನೇ ಕೇಳಬೇಕು" ಎಂದ.